ಎರಡು ಪಾರ್ಟಿಯ ಊರಲ್ಲಿ ಮೂರನೆಯವನು

ಊರಿನ ದೊಡ್ಡವರು ಎರಡು ಪಾರ್ಟಿಯಾದರೆ ಕೇರಿಯವರಿಗೆ ಬೆಲೆ ಬರುತ್ತದೆ ಎಂಬ ನಂಬಿಕೆ ಅರಳಿಕಟ್ಟೆಯ ಮಾತಿನಲ್ಲೂ ಇದೆ, ಸಮಾಜಶಾಸ್ತ್ರದ ಪುಸ್ತಕಗಳಲ್ಲೂ ಇದೆ. ಅದರ ಲೆಕ್ಕ ಸರಳ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ. 17ಕ್ಕೆ ತುಸು ಮೇಲೆ. ಹೆಚ್ಚಿನ ಊರುಗಳಲ್ಲಿ ಅವರು ತಮ್ಮಷ್ಟಕ್ಕೆ ತಾವೇ ಗೆಲ್ಲುವಷ್ಟು ಮಂದಿ ಇಲ್ಲ. ಆದರೆ ಗೌಡರ ಮನೆತನ ಎರಡು ಹೋಳಾಗಿ, ಮಿಕ್ಕ ಊರೂ ಅವರ ಹಿಂದೆ ಹಂಚಿಹೋದಾಗ, ಗೆಲ್ಲುವವರು ಯಾರೆಂದು ತೀರ್ಮಾನಿಸುವಷ್ಟು ಮಂದಿಯಂತೂ ಇದ್ದಾರೆ. ಆಗ ಇಬ್ಬರೂ ಕೇರಿಯ ಬಾಗಿಲಿಗೆ ಬರಲೇಬೇಕು, ಬಂದವರು ಏನಾದರೂ ಕೊಡಲೇಬೇಕು ಎಂಬುದು ವಾದ. ಈ ವಾದ ಪೂರ್ತಿ ಸುಳ್ಳೇನಲ್ಲ. ಆದರೆ ಕೈಯಲ್ಲಿರುವ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಅದು ಒಂದು ಮುಖ್ಯವಾದ ಷರತ್ತನ್ನು ಮರೆತಿದೆ ಎಂದು ತೋರುತ್ತದೆ. ಊರು ಒಡೆದಾಗ ಕೇರಿಯವನಿಗೆ ಮೊದಲು ಸಿಗುವುದು ಬೆಲೆಯಲ್ಲ, ಯಾರದಾದರೂ ಪಕ್ಕ ನಿಲ್ಲಲೇಬೇಕಾದ ಒತ್ತಾಯ. ಎರಡು ಪಾರ್ಟಿಯಲ್ಲಿ ಯಾರೂ ಕಿತ್ತುಕೊಳ್ಳಲಾಗದಂಥ ನೆಲೆಯೊಂದು, ಅಂದರೆ ಸ್ವಂತ ಭೂಮಿಯೋ ಹೊರಗಿನ ಕೂಲಿಯೋ ತಾಲ್ಲೂಕು ಮಟ್ಟದ ಸಂಘಟನೆಯೋ, ಅವನಿಗಿದ್ದರೆ ಮಾತ್ರ ಆ ಒತ್ತಾಯ ಚೌಕಾಸಿಯಾಗುತ್ತದೆ. ಇಲ್ಲದಿದ್ದರೆ ಜಗಳದ ಪೆಟ್ಟೂ ಅವನಿಗೆ, ರಾಜಿಯ ಖರ್ಚೂ ಅವನಿಗೆ.

ಹಳೆಯ ವ್ಯವಸ್ಥೆಯಲ್ಲಿ ಇದರ ಸ್ವರೂಪ ಹೇಗಿತ್ತೆಂದು ತಿಳಿಯಲು ಕುಳವಾಡಿಯನ್ನು ನೋಡಬೇಕು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹೊಲೆಯ ಸಮುದಾಯದ ಕುಳವಾಡಿ ಊರೊಳಗೆ ಕಾಲಿಡಲು ಹಿಂಜರಿಯಬೇಕಾದವನು, ಆದರೆ ಊರಿನ ಎಲ್ಲೆ ಎಲ್ಲಿದೆಯೆಂಬುದಕ್ಕೆ ಅವನ ಮಾತೇ ಕೊನೆಯ ಮಾತು. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ದಾಖಲಿಸಿದ ಒಂದು ಪದ್ಧತಿ ಹೀಗಿದೆ: ಎರಡು ಊರುಗಳ ನಡುವೆ ಗಡಿ ತಕರಾರು ಬಂದಾಗ ಕುಳವಾಡಿ ತನ್ನೂರಿನ ಮಣ್ಣನ್ನು ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಉಳಿಯುತ್ತದೆ. ತಪ್ಪಿಯೂ ಆಚೆ ಹೆಜ್ಜೆಯಿಟ್ಟರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬ ನಂಬಿಕೆ. ಇದನ್ನು ಅಸ್ಪೃಶ್ಯನಿಗೂ ಹಿಂದೆ ಗೌರವವಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಕೆಲವರು ಉದ್ಧರಿಸುತ್ತಾರೆ. ಗೌರವ ಇದ್ದದ್ದು ನಿಜ. ಆದರೆ ಹೊಲ ಯಾರದು, ಹೊರೆ ಯಾರದು ಎಂದು ಕೇಳಿಕೊಂಡರೆ ಇನ್ನೊಂದು ಚಿತ್ರ ಸಿಗುತ್ತದೆ. ತಕರಾರಿನ ನೆಲದಲ್ಲಿ ಅವನಿಗೊಂದು ಸಾಲೂ ಇಲ್ಲ, ಗೆದ್ದರೆ ಅವನಿಗೆ ಸಿಗುವುದು ಕಡಿಮೆ, ತಪ್ಪಿದರೆ ಸಾಯುವವನು ಅವನೊಬ್ಬನೇ. ಎರಡು ಕಡೆಯ ಪಟೇಲರು ತಮ್ಮ ಹಗೆಯ ಅಪಾಯವನ್ನು ಮೂರನೆಯವನ ತಲೆಯ ಮೇಲೆ ಹೊರಿಸಿ, ತಾವು ಪಕ್ಕದಲ್ಲಿ ನಡೆದುಕೊಂಡು ಬರುವ ಏರ್ಪಾಟು ಅದು.

ಅದು ಊರು ಊರಿನ ನಡುವಿನ ಮಾತಾಯಿತು. ಊರೊಳಗಿನ ಪಾರ್ಟಿಯ ಬಗ್ಗೆ ನಮಗಿರುವ ಬಹು ವಿವರವಾದ ಚಿತ್ರ ಎಂ.ಎನ್. ಶ್ರೀನಿವಾಸರದು. 1948ರಲ್ಲಿ ಅವರು ಮೈಸೂರಿನ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಆ ಊರಿಗೆ ರಾಂಪುರ ಎಂದು ಹೆಸರಿಟ್ಟು ಬರೆದ ಪ್ರಬಂಧಗಳಿಂದಲೇ ಪ್ರಬಲ ಜಾತಿ ಎಂಬ ಪರಿಕಲ್ಪನೆ ಚಲಾವಣೆಗೆ ಬಂತು. ರಾಂಪುರದಲ್ಲಿ ಭೂಮಿ, ಸಂಖ್ಯೆ, ಅಧಿಕಾರ ಮೂರೂ ಒಕ್ಕಲಿಗರ ಕೈಯಲ್ಲಿತ್ತು, ಅವರೊಳಗೆ ಗುಂಪುಗಳೂ ಇದ್ದವು. ಶ್ರೀನಿವಾಸರು ಒತ್ತಿ ಹೇಳಿದ ಸಂಗತಿಯೆಂದರೆ, ಗುಂಪಿನ ನಾಯಕನ ಹಿಂದೆ ಇರುವವರು ಅವನ ಜಾತಿಯವರಷ್ಟೇ ಅಲ್ಲ. ಅವನ ಗೇಣಿದಾರ, ಅವನಲ್ಲಿ ಸಾಲ ಮಾಡಿದವನು, ಅವನ ಮನೆಯ ಜೀತದಾಳು, ತಲೆಮಾರಿನಿಂದ ಆ ಮನೆಗೆ ನಡೆದುಕೊಂಡು ಬಂದ ಹಳೇಮಗ, ಇವರೆಲ್ಲ ಜಾತಿ ಯಾವುದೇ ಇರಲಿ ಆ ಪಾರ್ಟಿಯವರೇ. ಯಜಮಾನರಿಬ್ಬರು ಮಾತು ಬಿಟ್ಟರೆ ಅವರ ಆಳುಗಳೂ ಮಾತು ಬಿಡಬೇಕು. ಒಂದೇ ಕೇರಿಯ ಅಣ್ಣತಮ್ಮಂದಿರು ಎರಡು ಮನೆಯ ಜೀತಕ್ಕಿದ್ದರೆ ಜಗಳ ಕೇರಿಯೊಳಗೂ ಇಳಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ತಟಸ್ಥನಾಗಿರುವ ಹಕ್ಕು ಹಳ್ಳಿಯಲ್ಲಿ ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ. ಅಂಗಡಿಯ ಶೆಟ್ಟರು, ಪೂಜಾರಿ, ಮೇಷ್ಟ್ರು ‘ನಮಗ್ಯಾಕಪ್ಪ’ ಎಂದು ಪಕ್ಕಕ್ಕೆ ನಿಲ್ಲಬಹುದು. ಅದನ್ನು ಊರು ಜಾಣತನವೆಂದೇ ಒಪ್ಪುತ್ತದೆ. ತಮಟೆ ಬಡಿಯುವವನು ಹಾಗೆ ನಿಲ್ಲಲಾರ. ಊರಹಬ್ಬ ಎರಡಾದ ವರ್ಷ ಅವನು ಯಾವ ಮೆರವಣಿಗೆಯ ಮುಂದೆ ನಡೆದರೂ ಇನ್ನೊಂದು ಕಡೆಗೆ ಅಪರಾಧಿ. ಎರಡಕ್ಕೂ ಹೋಗದೆ ಮನೆಯಲ್ಲಿ ಕೂತರೆ ಇಬ್ಬರಿಗೂ ಅಪರಾಧಿ. ಸಾವಿನ ಮನೆಯ ಕೆಲಸಕ್ಕೂ, ಸುದ್ದಿ ಸಾರುವುದಕ್ಕೂ, ತೂಬು ಎತ್ತಿ ನೀರು ಬಿಡುವುದಕ್ಕೂ ಇದೇ ಮಾತು. ಊರಿನ ಸೇವೆ ಎಂಬ ಹೆಸರಿನಲ್ಲಿ ಎಲ್ಲರಿಗೂ ದುಡಿಯಬೇಕಾದವನ ಬದುಕು ಊರು ಒಂದಾಗಿರುವಷ್ಟು ದಿನ ಹೇಗೋ ಸಾಗುತ್ತದೆ. ಊರೇ ಎರಡಾದಾಗ ಅವನು ಕೆಲಸ ಮಾಡಿದರೂ ತಪ್ಪು, ಬಿಟ್ಟರೂ ತಪ್ಪು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಪಟೇಲ, ಶ್ಯಾನುಭೋಗರ ಜೊತೆಗೆ ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯವನ್ನೂ ಕಾಗದದ ಮೇಲೆ ಮುಗಿಸಿತು. ಕೆಲಸ ಮಾತ್ರ ಎಷ್ಟೋ ಊರುಗಳಲ್ಲಿ ಹಾಗೇ ಮುಂದುವರಿಯಿತು.

ಆಳಿನ ಸಂಬಂಧವೇ ಕಡಿದುಹೋದರೆ ಬಿಡುಗಡೆಯಾಗುವುದಿಲ್ಲವೇ ಎಂದು ಕೇಳಬಹುದು. ಇದಕ್ಕೆ ಮಂಡ್ಯದ ಎರಡು ಹಳ್ಳಿಗಳು ಉತ್ತರ ಕೊಡುತ್ತವೆ. 1950ರ ದಶಕದ ನಡುವಿನಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅಲ್ಲಿ ಅಧ್ಯಯನ ನಡೆಸಿ, ಊರುಗಳಿಗೆ ವಂಗಾಲ, ದಲೇನ ಎಂಬ ಬದಲಿ ಹೆಸರುಗಳನ್ನು ಕೊಟ್ಟರು. ವಂಗಾಲಕ್ಕೆ ನಾಲೆಯ ನೀರು ಬಂತು, ಕಬ್ಬು ಬಂತು. ಒಕ್ಕಲಿಗರಿಗೆ ಆಳುಗಳ ಅಗತ್ಯ ಹೆಚ್ಚಿತು, ಹಳೆಯ ಸಂಬಂಧಗಳು ಇನ್ನಷ್ಟು ಬಿಗಿಯಾದವು. ಆದಿಕರ್ನಾಟಕದವರು ಅಲ್ಲೊಂದು ನಾಟಕ ಆಡಿದರು. ರಾಜನ ಪಾತ್ರದವನು ಸಿಂಹಾಸನದ ಮೇಲೆ ಕೂತದ್ದೇ ಮೇಲಿನವರಿಗೆ ಅವಮಾನವಾಯಿತು. ನೆಲದ ಮೇಲೆ ಕೂತು ನೋಡಬೇಕಾದವರು ತಾವು ತಾನೆ! ಕೇರಿಯವರಿಗೆ ಕೆಲಸ ಕೊಡಬಾರದೆಂದು ಕಟ್ಟು ಮಾಡಿದರು. ಆದರೆ ಗದ್ದೆಗೆ ಆಳು ಬೇಕಾಗಿದ್ದರಿಂದ ಆ ಕಟ್ಟನ್ನು ಬಹಳ ಕಾಲ ಎಳೆಯುವುದು ಅವರಿಗೇ ಕಷ್ಟವಾಗಿತ್ತು. ನೀರು ಬಾರದ ದಲೇನದಲ್ಲಿ ಒಕ್ಕಲಿಗರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರಗಳತ್ತ ಹೊರಳಿದರು. ವಂಶಪಾರಂಪರ್ಯವಾಗಿ ಸುಗ್ಗಿಯಲ್ಲಿ ಕೊಡುತ್ತಿದ್ದ ಧಾನ್ಯ ನಿಂತುಹೋಯಿತು. ಮೇಲಿನವರಿಗೆ ಅದು ಪ್ರಗತಿ, ಕೇರಿಗೆ ಕೈಹಿಡಿಯಲು ಏನೂ ಇಲ್ಲದ ಸ್ಥಿತಿ. ಎರಡನ್ನೂ ಕೂಡಿಸಿ ನೋಡಿದರೆ, ಅವಲಂಬನೆ ಬಿಗಿಯಾದ ಊರಿನಲ್ಲಿ ಚೌಕಾಸಿಗೆ ಸ್ವಲ್ಪ ಜಾಗವಾದರೂ ಇತ್ತು, ಏಕೆಂದರೆ ದುಡಿಮೆ ಬೇಕಾಗಿತ್ತು. ಸಂಬಂಧ ಕಡಿದ ಊರಿನಲ್ಲಿ ಅದೂ ಇರಲಿಲ್ಲ. ಹಾಗಾಗಿ ಮೇಲಿನವರು ಒಂದಾಗಿದ್ದಾರೋ ಎರಡಾಗಿದ್ದಾರೋ ಎಂಬುದಕ್ಕಿಂತ ಕೇರಿಯ ಅನ್ನ ಯಾವ ದಾರಿಯಿಂದ ಬರುತ್ತದೆ ಎಂಬುದೇ ನಿರ್ಣಾಯಕ.

ಕನ್ನಡ ಕಾದಂಬರಿಗಳು ಈ ಪ್ರಶ್ನೆಯನ್ನು ಓರೆಯಾಗಿಯಾದರೂ ಮುಟ್ಟಿವೆ. ರಾವಬಹಾದ್ದೂರರ ‘ಗ್ರಾಮಾಯಣ’ ಒಡೆದ ಊರಿನ ದೊಡ್ಡ ಕಥೆ. ಅನಂತಮೂರ್ತಿಯವರ ‘ಭಾರತೀಪುರ’, ಭೈರಪ್ಪನವರ ‘ದಾಟು’ ಎರಡೂ 1970ರ ದಶಕದವು, ಎರಡರಲ್ಲೂ ದೇವಸ್ಥಾನ ಪ್ರವೇಶದ ಪ್ರಶ್ನೆ ಇದೆ. ಮೇಲ್ಜಾತಿಯ ಒಬ್ಬನ ಬಂಡಾಯಕ್ಕೆ ಹೊಲೆಯರು ಹೇಗೆ ಉಪಕರಣವಾಗುತ್ತಾರೆ ಎಂಬ ಅಳುಕು ‘ಭಾರತೀಪುರ’ದಲ್ಲಂತೂ ಸ್ಪಷ್ಟವಾಗಿದೆ. ಆದರೆ ಕೇರಿಯ ಒಳಗಿನಿಂದ ಊರಿನ ಪಾರ್ಟಿ ಹೇಗೆ ಕಾಣುತ್ತದೆ ಎಂದು ತಿಳಿಯಲು ದೇವನೂರ ಮಹಾದೇವರ ಬರಹದವರೆಗೆ ಕಾಯಬೇಕಾಯಿತು.

ಮತದಾನ ಬಂದ ಮೇಲೆ ಎಲ್ಲ ಬದಲಾಯಿತು ಎನ್ನುವವರಿದ್ದಾರೆ. ಬದಲಾದದ್ದು ನಿಜ. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಗ್ರಾಮ ಪಂಚಾಯಿತಿಯ ಸದಸ್ಯತ್ವವಷ್ಟೇ ಅಲ್ಲ, ಅಧ್ಯಕ್ಷಗಿರಿಯೂ ಸರದಿಯ ಮೇಲೆ ಪರಿಶಿಷ್ಟರಿಗೆ ಮೀಸಲಾಯಿತು. ಇದಕ್ಕೆ ಪ್ರಬಲ ಜಾತಿಗಳು ಕೊಟ್ಟ ಉತ್ತರ ಎರಡು ಬಗೆಯದು. ತಮಿಳುನಾಡಿನ ಮಧುರೆ ಸೀಮೆಯಲ್ಲಿ ಅದು ನೇರವಾಗಿತ್ತು. ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಗೆದ್ದ ಅಧ್ಯಕ್ಷ ಮುರುಗೇಶನ್ ಅವರನ್ನು ಸಂಗಡಿಗರೊಂದಿಗೆ 1997ರಲ್ಲಿ ಹಾಡಹಗಲೇ ಕೊಂದರು. ಪಾಪ್ಪಾಪಟ್ಟಿ, ಕೀರಿಪಟ್ಟಿಯಂಥ ಊರುಗಳಲ್ಲಿ 1996ರಿಂದ ಹತ್ತು ವರ್ಷ ಮೀಸಲು ಕುರ್ಚಿಯಲ್ಲಿ ಯಾರೂ ನೆಟ್ಟಗೆ ಕೂರದಂತೆ ನೋಡಿಕೊಂಡರು. ಕರ್ನಾಟಕದ ಉತ್ತರ ಸಾಮಾನ್ಯವಾಗಿ ಇನ್ನೂ ನಯವಾದದ್ದು. ಇಲ್ಲಿ ಎರಡೂ ಪಾರ್ಟಿ ತಮ್ಮ ತಮ್ಮ ಆಳನ್ನು ಹುಡುಕಿ ನಿಲ್ಲಿಸುತ್ತವೆ, ಠೇವಣಿ ಕಟ್ಟುತ್ತವೆ, ಗೆದ್ದ ಮೇಲೆ ಸಹಿ ಹಾಕಿಸಿಕೊಳ್ಳುತ್ತವೆ. ಅವನೋ ಅವಳೋ ಸ್ವಂತ ಬುದ್ಧಿ ತೋರಿಸಿದರೆ ಅವಿಶ್ವಾಸ ನಿರ್ಣಯದ ಮಾತು ಎದ್ದೇಳುತ್ತದೆ. ವಿಚಿತ್ರವೆಂದರೆ, ಆ ನಿರ್ಣಯಕ್ಕೆ ಕೈಯೆತ್ತುವಾಗ ಎದುರಾಳಿ ಪಾರ್ಟಿಯವರೂ ಜೊತೆಗೂಡಿರುತ್ತಾರೆ. ನಿನ್ನೆಯವರೆಗೆ ಮುಖ ನೋಡದವರಿಗೆ ಇಂದು ಒಂದೇ ಕಾರಿನಲ್ಲಿ ತಾಲ್ಲೂಕು ಕಚೇರಿಗೆ ಹೋಗಲು ಅಡ್ಡಿಯಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಊರಿನ ಒಡಕಿನಿಂದ ಕೇರಿಗೆ ನಿಜವಾಗಿಯೂ ಲಾಭವಾದ ಉದಾಹರಣೆಗಳಿವೆ. ನಿವೇಶನ, ಕೊಳಾಯಿ, ಸ್ಮಶಾನದ ಜಾಗ, ಸಮುದಾಯ ಭವನ ಮಂಜೂರಾದ ಕಡೆಗಳಲ್ಲಿ ಎಷ್ಟೋ ಬಾರಿ ಒಂದು ಪಾರ್ಟಿಯ ಮುಖಂಡ ಇನ್ನೊಂದನ್ನು ಮಣಿಸಲು ಕೇರಿಯ ಬೆನ್ನಿಗೆ ನಿಂತದ್ದುಂಟು. ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಹೀಗೆ ಸಿಕ್ಕಿದ್ದು ಉಳಿದುಕೊಂಡದ್ದು ಎಲ್ಲಿ ಎಂದು ಹುಡುಕಿದರೆ ಹೊರಗಿನ ಆಸರೆಯ ಗುರುತುಗಳೇ ಕಾಣುತ್ತವೆ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ ಅದು ಹಳ್ಳಿಗೆ ತಂದ ಹೊಸತನ ಇದೇ: ಊರಿನಲ್ಲಿ ಆದದ್ದು ಮಾರನೆಯ ದಿನ ತಾಲ್ಲೂಕು ಕಚೇರಿಯ ಮುಂದೆ ಧರಣಿಯಾಗುತ್ತಿತ್ತು. ಕೇರಿಯವನಿಗೆ ಗೌಡರ ಎರಡು ಮನೆಗಳ ಹೊರಗೆ ಹೋಗಿ ಕೂರಲು ಮೂರನೆಯ ಜಗಲಿ ಸಿಕ್ಕಿತು. ಮುಂದೆ ಸಮಿತಿಯೇ ಹಲವು ಬಣಗಳಾದಾಗ, ಊರಿನ ಪಾರ್ಟಿಗಳು ಒಂದೊಂದು ಬಣವನ್ನು ಒಲಿಸಿಕೊಳ್ಳುವುದು ಸುಲಭವಾಯಿತು. ಆಮೇಲಿನ ಸೋಲುಗಳಿಗೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಎರಡನೆಯ ಆಕ್ಷೇಪ ಇನ್ನೂ ಹೆಚ್ಚು ಕೇಳಿಬರುವುದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಪಾರ್ಟಿ ಜಗಳದ ಆಯುಧವಾಗಿದೆ, ಗೌಡನೊಬ್ಬ ತನ್ನ ಆಳಿನ ಕೈಯಿಂದ ಇನ್ನೊಬ್ಬ ಗೌಡನ ಮೇಲೆ ದೂರು ಕೊಡಿಸುತ್ತಾನೆ ಎಂಬುದು. ಹೀಗೆ ನಡೆಯುವುದೇ ಇಲ್ಲ ಎಂದು ವಾದಿಸುವುದು ಪ್ರಾಮಾಣಿಕತೆಯಲ್ಲ. ಆದರೆ ಈ ಆಕ್ಷೇಪ ಕಾಯ್ದೆಯ ಮೇಲೆ ಬೆರಳು ತೋರಿಸಿ, ತೋರಿಸಬೇಕಾದ ಕಡೆ ಸುಮ್ಮನಿರುತ್ತದೆ. ದೂರಿಗೆ ಹೆಬ್ಬೆಟ್ಟೊತ್ತು ಎಂದಾಗ ಒತ್ತುವವನು, ಹಿಂತೆಗೆ ಎಂದಾಗ ಹಿಂತೆಗೆಯುವವನೂ ಹೌದು. ಎರಡಕ್ಕೂ ಕಾರಣ ಅವನ ಸಾಲ, ಅವನ ಕೂಲಿ, ಅವನ ಗುಡಿಸಲು ನಿಂತಿರುವ ನೆಲ. ಕೊಡಿಸಿದ ದೂರಿನ ಬಗ್ಗೆ ಎದ್ದ ಗದ್ದಲದಲ್ಲಿ ಸಾಕ್ಷಿ ತಿರುಗಿಸಿದ ಮೊಕದ್ದಮೆಗಳ ಮಾತು ಮುಚ್ಚಿಹೋಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು, ವರ್ಷಗಟ್ಟಲೆ ಬೆಳೆದ ಹಗೆಯ ಕೊನೆಗೆ, ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದನ್ನು ಯಾರೂ ಅಲ್ಲವೆನ್ನಲಿಲ್ಲ, ಕೊಂದವರು ಮಾತ್ರ ಯಾರೂ ಇಲ್ಲವಾದರು.

ಮೂರನೆಯದು ಸಿದ್ಧಾಂತದ ಆಕ್ಷೇಪ. ದೊಡ್ಡ ಹಿಂಸಾಕಾಂಡಗಳು ನಡೆದದ್ದು ಒಡೆದ ಊರಿನಲ್ಲಲ್ಲ, ಮೇಲಿನವರು ಒಗ್ಗಟ್ಟಾಗಿದ್ದ ಊರಿನಲ್ಲಿ, ಆದ್ದರಿಂದ ಒಡಕೇ ಕೇರಿಗೆ ರಕ್ಷಣೆ ಎನ್ನುತ್ತದೆ ಅದು. ಆಂಧ್ರದ ಕಾರಂಚೇಡು ಮತ್ತು ಚುಂಡೂರುಗಳನ್ನು ಇಲ್ಲಿ ನೆನೆಯಬೇಕು. ಕಾರಂಚೇಡಿನಲ್ಲಿ ಕುಡಿಯುವ ನೀರಿನ ಕೆರೆಯನ್ನು ಕೊಳೆ ಮಾಡಬೇಡಿ ಎಂದು ಹೆಣ್ಣುಮಗಳೊಬ್ಬಳು ಅಡ್ಡ ಬಂದದ್ದೇ ನೆಪವಾಗಿ 1985ರ ಜುಲೈ 17ರಂದು ಆರು ದಲಿತರ ಹತ್ಯೆಯಾಯಿತು. ಚುಂಡೂರಿನಲ್ಲಿ ಸಿನಿಮಾ ಮಂದಿರದಲ್ಲಿ ಕಾಲು ತಾಗಿದ ಜಗಳ ಬಹಿಷ್ಕಾರಕ್ಕೆ ಬೆಳೆದು, 1991ರ ಆಗಸ್ಟ್ 6ರಂದು ಎಂಟು ಮಂದಿಯ ಕೊಲೆಯಲ್ಲಿ ಮುಗಿಯಿತು. ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲೂ 2014ರ ಆಗಸ್ಟ್‌ನಲ್ಲಿ ಸಿನಿಮಾ ನೋಡಲು ಹೋದಲ್ಲಿ ಹುಟ್ಟಿದ ಜಗಳವೇ ದಲಿತರ ಮನೆಗಳಿಗೆ ಬೆಂಕಿಯಾಗಿ ಬಂತು. ಅದಕ್ಕೂ ಮೊದಲು ಅಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ಪ್ರವೇಶ ಕೇಳಿದ್ದರ ಸಿಟ್ಟು ಹೊಗೆಯಾಡುತ್ತಿತ್ತು. ಈ ಊರುಗಳಲ್ಲಿ ಮೇಲಿನವರು ಒಗ್ಗಟ್ಟಾಗಿದ್ದರು ಎಂಬುದನ್ನು ಒಪ್ಪೋಣ. ಆದರೆ ಹುಟ್ಟಿನಿಂದಲೇ ಒಗ್ಗಟ್ಟಾಗಿದ್ದರೇ? ಪ್ರಬಲ ಜಾತಿಯೊಳಗೆ ಪಾರ್ಟಿ ಇಲ್ಲದ ಊರು ಅಪರೂಪ. ಪಾರ್ಟಿಗಳನ್ನು ಒಂದು ಮಾಡಿದ್ದು ಕೇರಿ ತನ್ನದೇ ಪಕ್ಷ ಕಟ್ಟಿಕೊಂಡ ಗಳಿಗೆ. ಅವರ ಪರ ಇವರ ಪರ ನಿಲ್ಲುವಷ್ಟು ದಿನ ಕೇರಿಯವನು ಬೇಕಾದವನು, ತನ್ನ ಪರ ತಾನು ನಿಂತ ದಿನ ಎರಡೂ ಮನೆಗೆ ಬೇಡಾದವನು. ಒಡಕು ರಕ್ಷಣೆಯಾಗಿ ಕಾಣುವುದು ಕೇರಿ ಏನನ್ನೂ ಕೇಳದೆ ಇರುವವರೆಗೆ ಮಾತ್ರ.

ಕೇರಿಯೇನು ಒಂದೇ ಮನಸ್ಸಿನದೇ ಎಂದು ನಾಲ್ಕನೆಯವರು ಕೇಳುತ್ತಾರೆ. ಅಲ್ಲ. ಹೊಲಗೇರಿ, ಮಾದಿಗಗೇರಿಗಳ ನಡುವೆ ಬಾವಿ ಬೇರೆ, ದೇವರು ಬೇರೆ, ಎಷ್ಟೋ ಕಡೆ ಮಾತೂ ಬೇರೆ. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಶೇ. 17ರ ಮೀಸಲಾತಿಯನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಹಂಚಲು ತೀರ್ಮಾನಿಸಿದ ಹಿಂದೆ ದಶಕಗಳ ಒಳಮುನಿಸಿದೆ. ಊರಿನ ಎರಡು ಪಾರ್ಟಿ ಈ ಬಿರುಕನ್ನು ಚೆನ್ನಾಗಿ ಬಲ್ಲವು: ಒಂದು ಕೇರಿ ಇತ್ತ ಬಂದರೆ ಇನ್ನೊಂದು ಅತ್ತ ಹೋಗುತ್ತದೆ, ಹಾಗಾಗಿ ಯಾವುದಕ್ಕೂ ಹೆಚ್ಚು ಕೊಡಬೇಕಿಲ್ಲ. ಮೊದಲು ಹೇಳಿದ ಲೆಕ್ಕ ಕೆಡುವುದೂ ಇಲ್ಲೇ. ಶೇ. 17ರ ಗುಂಪು ಒಂದಾಗಿ ಚೌಕಾಸಿ ಮಾಡುತ್ತದೆ ಎಂಬ ಊಹೆ ಮೇಲಿನವರ ಒಡಕನ್ನು ಎಣಿಸುತ್ತದೆ, ಕೆಳಗಿನವರ ಒಡಕನ್ನು ಬಿಟ್ಟುಬಿಡುತ್ತದೆ.

ಭೂಮಿಯ ವಿಷಯದಲ್ಲಿ ಇದೆಲ್ಲ ಒಂದೇ ಕಡೆ ಕೂಡಿಬರುತ್ತದೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಕೊಂಡರೆ ಆ ಪರಭಾರೆ ಅಸಿಂಧು ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳಿತು. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂದು ಕಾಯ್ದೆಯಲ್ಲಿ ಇರಲಿಲ್ಲ. ‘ಸಮಂಜಸ ಕಾಲ’ದೊಳಗೆ ಬರಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಾವಿರಾರು ಕುಟುಂಬಗಳ ಅರ್ಜಿ ಇಕ್ಕಟ್ಟಿಗೆ ಸಿಕ್ಕಿತು. 2023ರ ತಿದ್ದುಪಡಿ ಆ ಕಾಲಮಿತಿಯನ್ನು ತೆಗೆಯಿತು. ಮೂಲ ಮಂಜೂರಿದಾರನ ಮಗ ಅರ್ಜಿ ಹಾಕುವಾಗ ವಕೀಲರ ಫೀಸು ಯಾರು ಕೊಟ್ಟರು ಎಂಬುದು ಹಳ್ಳಿಯಲ್ಲಿ ಗುಟ್ಟೇನಲ್ಲ. ಕೊಂಡ ಗೌಡನ ಎದುರು ಪಾರ್ಟಿಯವನು ಕೊಟ್ಟಿರಬಹುದು, ಮುಂದೆ ತನಗೇ ಗುತ್ತಿಗೆಗೆ ಬಿಡಬೇಕೆಂಬ ಮಾತಿನ ಮೇಲೆ. ಇದನ್ನು ಕಂಡು ಕಾಯ್ದೆಯನ್ನೇ ಜರಿಯುವವರಿದ್ದಾರೆ. ಆದರೆ ಪಹಣಿಯಲ್ಲಿ ಹೆಸರು ಬಂದವನು ಮುಂದಿನ ಚುನಾವಣೆಯಲ್ಲಿ ಎರಡೂ ಪಾರ್ಟಿಗೆ ಉತ್ತರ ಕೊಡುವ ಬಗೆ ಬೇರೆ. ಎರವಲು ಹಣದಿಂದ ಗೆದ್ದ ಎರಡು ಎಕರೆಯೂ ಎರಡು ಎಕರೆಯೇ.

ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಹಾಕುವುದೇ ಅಪರಾಧವೆಂದು ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ 2016ರ ಜನವರಿಯಿಂದ ಸ್ಪಷ್ಟಪಡಿಸಿದೆ. ಅಂಗಡಿಯಲ್ಲಿ ಸಾಮಾನು ಕೊಡಬಾರದು, ಗಿರಣಿಯಲ್ಲಿ ಹಿಟ್ಟು ಬೀಸಬಾರದು, ಹೊಲಕ್ಕೆ ಕರೆಯಬಾರದು ಎಂದು ಕಟ್ಟು ಮಾಡಿದವರನ್ನು ಈಗ ಹಿಡಿಯಬಹುದು. ಒಡೆದ ಊರಿನ ಬಹಿಷ್ಕಾರಕ್ಕೆ ಮಾತ್ರ ಇದು ಸುಲಭವಾಗಿ ಎಟುಕದು. ಅಲ್ಲಿ ಯಾರೂ ಕಟ್ಟು ಮಾಡುವುದಿಲ್ಲ, ಸಾರುವುದಿಲ್ಲ. ಒಂದು ಪಾರ್ಟಿಯ ಟ್ರ್ಯಾಕ್ಟರು ಕೇರಿಯ ಕಡೆ ಬರುವುದು ನಿಲ್ಲುತ್ತದೆ, ಇನ್ನೊಂದು ಪಾರ್ಟಿ ಕೂಲಿಯಲ್ಲಿ ಐವತ್ತು ರೂಪಾಯಿ ಇಳಿಸುತ್ತದೆ, ಏಕೆಂದರೆ ಬೇರೆ ಕಡೆ ಕೆಲಸವಿಲ್ಲವೆಂದು ಅದಕ್ಕೂ ಗೊತ್ತು. ಯಾವ ಠಾಣೆಯಲ್ಲಿ ಏನೆಂದು ಬರೆಸುವುದು?

ಮರಕುಂಬಿಯ ಮೊಕದ್ದಮೆ ಹತ್ತು ವರ್ಷ ನಡೆದು, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೇ ತಿರುಗಿ ನೋಡಿತು. ಮರುತಿಂಗಳೇ ಅವರಲ್ಲಿ ಬಹುಪಾಲು ಮಂದಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಮೇಲ್ಮನವಿ ಏನಾಗುತ್ತದೋ ಆಗಲಿ, ಕಂಬಾಲಪಲ್ಲಿಗೂ ಮರಕುಂಬಿಗೂ ನಡುವೆ ಏನು ವ್ಯತ್ಯಾಸವಿತ್ತು, ಒಂದು ಕಡೆ ಸಾಕ್ಷಿ ಮುರಿದು ಇನ್ನೊಂದು ಕಡೆ ನಿಂತದ್ದು ಹೇಗೆ ಎಂಬುದನ್ನು ಯಾರಾದರೂ ಮನೆ ಮನೆಯ ಸಾಲ, ಕೂಲಿ, ಜಮೀನು, ವಲಸೆಯ ಲೆಕ್ಕ ಹಿಡಿದು ಬರೆಯಬೇಕಾಗಿದೆ. ಕಾರಂಚೇಡಿನ ಸಂತ್ರಸ್ತರು ಊರಿಗೆ ಮರಳದೆ ಚೀರಾಲದಲ್ಲಿ ಬೇರೆ ನೆಲೆ ಕೇಳಿ ಪಡೆದರು, ಅಲ್ಲಿಂದಲೇ ಮೊಕದ್ದಮೆ ನಡೆಸಿದರು, 2008ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಬಿಡಲಿಲ್ಲ. ಊರು ಬಿಟ್ಟು ಹೋಗುವುದನ್ನು ಸೋಲೆಂದು ಕರೆಯುವ ಅಭ್ಯಾಸ ನಮ್ಮ ಬರಹಗಾರರಲ್ಲಿದೆ. ಚೀರಾಲದವರು ಅದನ್ನು ಹಾಗೆ ಲೆಕ್ಕ ಹಾಕಿದಂತಿಲ್ಲ.